ಸುಂಕದಕಟ್ಟೆಯೂ ಭಟ್ಕಳದ ಬಂದರೂ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ಮಗಳ ಮದುವೆ ಇರಲಿ, ಎತ್ತಿಗೆ ಕಾಯಿಲೆ ಇರಲಿ, ಮಳೆ ಕೈಕೊಟ್ಟಿರಲಿ, ಸುಂಕದವನಿಗೆ ಅದರ ಗೊಡವೆಯಿಲ್ಲ. ಅವನಿಗೆ ಬೇಕಾದದ್ದು ಹೇರಿನ ಲೆಕ್ಕ ಮಾತ್ರ. ಈ ಗಾದೆ ಹುಟ್ಟಿದ ಕಾಲದ ಗುರುತು ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಇಂದಿಗೂ ಬಸ್ಸಿನ ಬೋರ್ಡಿನ ಮೇಲಿದೆ. ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿದರೆ ಮೊದಲು ‘ಟೋಲ್‌ಗೇಟ್’ ಸ್ಟಾಪು ಬರುತ್ತದೆ. ಕಾಮಾಕ್ಷಿಪಾಳ್ಯ, ಸುಮನಹಳ್ಳಿ ದಾಟಿದರೆ ‘ಸುಂಕದಕಟ್ಟೆ’. ಒಂದು ಇಂಗ್ಲಿಷ್ ಹೆಸರು, ಇನ್ನೊಂದು ಕನ್ನಡದ ಹೆಸರು. ಎರಡರ ಅರ್ಥವೂ ಒಂದೇ: ನಿಲ್ಲು, ಹಣ ಕೊಟ್ಟು ಮುಂದೆ ಹೋಗು.

ನಮ್ಮ ಶಾಲೆಯ ಎಷ್ಟೋ ಮಕ್ಕಳು ದಿನವೂ ಈ ಎರಡು ಹೆಸರುಗಳ ನಡುವೆ ಓಡಾಡುತ್ತಾರೆ. ಅವರಿಗಾಗಿಯೇ ಈ ಲೇಖನ. ದಾರಿಯಲ್ಲಿ ತಡೆದು ಸುಂಕ ಕೇಳುವುದು ರಾಜರ ಹಳೆಯ ಅಭ್ಯಾಸವಾದರೆ, ‘ಬನ್ನಿ, ನಿಮ್ಮ ಸರಕಿಗೆ ಭಯವಿಲ್ಲ’ ಎಂದು ಸಮುದ್ರದ ಬಾಗಿಲು ತೆರೆದು ಕರೆಯುವುದೂ ಅಷ್ಟೇ ಹಳೆಯದು. ಸುಂಕವಿಲ್ಲದೆ, ಅಥವಾ ಹಗುರವಾದ ನಿಗದಿತ ಸುಂಕ ತೆತ್ತು, ಯಾವ ದೇಶದ ವ್ಯಾಪಾರಿಯಾದರೂ ಬಂದು ಹೋಗಬಹುದಾದ ಬಂದರನ್ನು ಇಂದು ‘ಮುಕ್ತ ಬಂದರು’ ಎನ್ನುತ್ತೇವೆ. ನಮ್ಮ ಕರಾವಳಿಯ ಕಥೆ ನೋಡಿದರೆ ಮುಕ್ತ ಎಂಬುದರ ತಿರುಳು ಸುಂಕ ಎಷ್ಟು ಎಂಬುದರಲ್ಲಿಲ್ಲ. ಕೊಟ್ಟ ಮಾತು ಉಳಿಯುತ್ತದೆಯೇ ಎಂಬುದರಲ್ಲಿದೆ.

ಕೊಂಬಿಲ್ಲದ ಎತ್ತಿಗೆ ಸುಂಕವಿಲ್ಲ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದರೆ ಸುಂಕಕ್ಕೆ ಎಷ್ಟು ಹೆಸರುಗಳಿದ್ದವು ಎಂದು ಆಶ್ಚರ್ಯವಾಗುತ್ತದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವುಗಳ ವಸೂಲಿಗೆಂದೇ ದೊಡ್ಡ ಅಧಿಕಾರಿಗಳಿದ್ದರು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಮ್ಮ ಸರಕಿನ ಮೇಲೆ ತಾವೇ ಒಂದು ಪಾಲು ಕಟ್ಟಿಕೊಂಡು ದೇವಾಲಯಗಳಿಗೆ ದಾನ ಕೊಟ್ಟದ್ದೂ ಶಾಸನಗಳಲ್ಲಿ ಕಾಣುತ್ತದೆ.

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ, ರಾಜಧಾನಿಗೆ ಹೋಗುವ ದಾರಿಯಲ್ಲಿ ನಾಗಲಾಪುರದ, ಅಂದರೆ ಇಂದಿನ ಹೊಸಪೇಟೆಯ, ಒಂದು ಬಾಗಿಲನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಡಲಾಗಿತ್ತು. ಪರ್ದಾವ್ ಎಂದರೆ ನಮ್ಮ ವರಾಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಸ್ಥಳೀಯನಿರಲಿ, ಪರದೇಶಿಯಿರಲಿ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಒಳಗೆ ಹೋಗುವಂತಿರಲಿಲ್ಲ. ಊರಿಗೆ ಬೇಕಾದ ದವಸ ಧಾನ್ಯವೆಲ್ಲ ಎತ್ತಿನ ಹೇರಿನಲ್ಲೇ ಬರಬೇಕು. ದಿನಕ್ಕೆ 2,000 ಎತ್ತುಗಳು ಬಾಗಿಲು ದಾಟುತ್ತಿದ್ದವೆಂದೂ ಪ್ರತಿ ಎತ್ತಿಗೂ ಸುಂಕವಿತ್ತೆಂದೂ ಅವನು ಲೆಕ್ಕ ಕೊಡುತ್ತಾನೆ. ಕೊಂಬಿಲ್ಲದ ಎತ್ತಿಗೆ ಮಾತ್ರ ರಾಜ್ಯದ ಯಾವ ಮೂಲೆಯಲ್ಲೂ ಸುಂಕವಿರಲಿಲ್ಲವಂತೆ! ಹೀಗೆ ಒಳನಾಡಿನಲ್ಲಿ ಬಾಗಿಲಿಗೊಂದು ಸುಂಕ. ಆದರೆ ಅದೇ ರಾಜ್ಯ ಸಮುದ್ರದ ದಡದಲ್ಲಿ ಬೇರೆಯೇ ಮುಖ ತೋರಿಸುತ್ತಿತ್ತು. ಅದಕ್ಕೆ ಕಾರಣವಿದೆ. ಹೇರೆತ್ತಿನವನಿಗೆ ಬೇರೆ ದಾರಿಯಿಲ್ಲ. ಹಡಗಿನವನಿಗೆ ಇದೆ, ಈ ಬಂದರು ಸರಿಯಿಲ್ಲವೆಂದರೆ ಹಾಯಿ ತಿರುಗಿಸಿ ಇನ್ನೊಂದಕ್ಕೆ ಹೋಗುತ್ತಾನೆ.

ಬಿರುಗಾಳಿಗೆ ಸಿಕ್ಕ ಹಡಗು ಯಾರದ್ದು?

ಹಡಗಿನವನ ಭಯಗಳಲ್ಲಿ ದೊಡ್ಡದು ಸುಂಕವಲ್ಲ, ಲೂಟಿ. ಬಿರುಗಾಳಿಗೆ ಸಿಕ್ಕಿ, ತಾನು ಹೊರಟ ಊರಲ್ಲದ ಬೇರೊಂದು ದಡ ಸೇರಿದ ಹಡಗನ್ನು ‘ದೇವರು ಕೊಟ್ಟದ್ದು’ ಎಂದು ಅಲ್ಲಿನ ದೊರೆ ವಶಪಡಿಸಿಕೊಳ್ಳುವ ಪದ್ಧತಿ ಹಲವು ಕಡೆ ಇತ್ತು. 1244ರಲ್ಲಿ ಕಾಕತೀಯ ಗಣಪತಿದೇವ ಆಂಧ್ರದ ಮೋಟುಪಲ್ಲಿ ಬಂದರಿನಲ್ಲಿ ಹಾಕಿಸಿದ ಶಾಸನ ಈ ಭಯಕ್ಕೆ ಕೊಟ್ಟ ಉತ್ತರ. ಹಿಂದಿನ ರಾಜರು ಬಿರುಗಾಳಿಗೆ ಸಿಕ್ಕ ಹಡಗುಗಳ ಸರಕನ್ನು ಕಿತ್ತುಕೊಳ್ಳುತ್ತಿದ್ದರು, ನಾವು ಹಾಗೆ ಮಾಡುವುದಿಲ್ಲ, ಮೂವತ್ತರಲ್ಲಿ ಒಂದು ಪಾಲು ನಿಗದಿತ ಸುಂಕ ಮಾತ್ರ ಪಡೆಯುತ್ತೇವೆ ಎಂಬುದು ಅದರ ಸಾರಾಂಶ. ಅದಕ್ಕೆ ‘ಅಭಯ ಶಾಸನ’ ಎಂದೇ ಹೆಸರು.

ಇದರ ಎದುರಿಗೆ ನಮ್ಮ ಬಾರ್ಕೂರನ್ನು ಇಟ್ಟು ನೋಡೋಣ. 14ನೆಯ ಶತಮಾನದ ನಡುವೆ ಈ ದಾರಿಯಲ್ಲಿ ಹೋದ ಇಬ್ನ್ ಬತೂತಾ, ಬಾರ್ಕೂರಿನ ದೊರೆಯ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು ಎನ್ನುತ್ತಾನೆ. ಈ ಕರಾವಳಿಯಲ್ಲಿ ಊರ ಮುಂದೆ ಹಾದುಹೋಗುವ ಹಡಗು ಅಲ್ಲಿ ಲಂಗರು ಹಾಕಿ ದೊರೆಗೆ ಕಾಣಿಕೆ ಒಪ್ಪಿಸಲೇಬೇಕು. ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ಕೊಡದೆ ಹೋದವರನ್ನು ಬೆನ್ನಟ್ಟಿ ಹಿಡಿದು ತರುತ್ತಿದ್ದರು. ಇದು ನೀರಿನ ಮೇಲಿನ ಸುಂಕದಕಟ್ಟೆ. ಆದರೆ ಮಂಗಳೂರಿನಲ್ಲಿ ಅದೇ ಬತೂತಾ ಬೇರೆ ನೋಟ ಕಂಡ. ಪರ್ಷಿಯಾ, ಯೆಮನ್‌ಗಳಿಂದ ವ್ಯಾಪಾರಿಗಳು ಮೆಣಸು, ಶುಂಠಿಗಾಗಿ ಬಂದು ಅಲ್ಲಿ ನೆಲೆ ನಿಂತಿದ್ದರು. ಊರಿನವರಿಗೂ ಅವರಿಗೂ ಜಗಳವಾದಾಗ ದೊರೆಯೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ. ಅವನಿಗೆ ಆ ವ್ಯಾಪಾರಿಗಳು ಬೇಕಾಗಿದ್ದರು.

ನೂರು ವರ್ಷದ ನಂತರ, 1442ರ ಕೊನೆಯಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಗೆ ಬಂದಿಳಿದ. ಅಲ್ಲಿನ ವ್ಯವಸ್ಥೆ ಅವನಿಗೆ ಬಹಳ ಹಿಡಿಸಿತು. ವ್ಯಾಪಾರಿ ಸರಕನ್ನು ಇಳಿಸಿ ನಿಶ್ಚಿಂತೆಯಿಂದ ಪೇಟೆಯಲ್ಲಿಟ್ಟು ಹೋಗಬಹುದು, ಸರ್ಕಾರದವರೇ ಹಗಲು ರಾತ್ರಿ ಕಾಯುತ್ತಾರೆ. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಆಗದಿದ್ದರೆ ಏನೂ ಇಲ್ಲ. ಎಲ್ಲಿಗೋ ಹೊರಟು ಗಾಳಿಗೆ ಸಿಕ್ಕಿ ಇಲ್ಲಿಗೆ ಬಂದ ಹಡಗನ್ನು ಬೇರೆ ಕಡೆಗಳಂತೆ ಇಲ್ಲಿ ದೋಚುವುದಿಲ್ಲ ಎಂದು ಅವನು ಒತ್ತಿ ಹೇಳುತ್ತಾನೆ. ಗಮನಿಸಿ: ಸುಂಕ ಇದೆ. ಆದರೂ ಅದು ಮುಕ್ತ ಬಂದರೇ. ಏಕೆಂದರೆ ಎಷ್ಟು ಕೊಡಬೇಕೆಂಬುದು ಮೊದಲೇ ಗೊತ್ತು, ಅದಕ್ಕಿಂತ ಹೆಚ್ಚು ಕೇಳುವವರಿಲ್ಲ. ಅಬ್ದುರ್ ರಜಾಕ್ ಅಲ್ಲಿಂದ ಮಂಗಳೂರಿನ ಮೂಲಕ ಘಟ್ಟ ಹತ್ತಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಹೋದ. ಈ ರಾಜನಿಗೆ ಕಲ್ಲಿಕೋಟೆಯಂಥ 300 ಬಂದರುಗಳಿವೆ ಎಂದು ಬರೆದ. ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು. ಆದರೆ ಸಾಮ್ರಾಜ್ಯದ ಉಸಿರು ಸಮುದ್ರದ ಕಡೆಗಿತ್ತು ಎಂಬುದು ಸುಳ್ಳಲ್ಲ.

ಕುದುರೆಯ ಬಾಲ

ಆ ಉಸಿರು ಎಂದರೆ ಕುದುರೆ. ದಖನ್ನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ಅರೇಬಿಯಾ, ಹೊರ್ಮುಜ್‌ಗಳಿಂದ ಹಡಗಿನಲ್ಲಿ ತರಬೇಕು. ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಹಿಂದಿರುಗುವ ಹಡಗಿಗೆ ಭಟ್ಕಳದಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ ತುಂಬುತ್ತಿತ್ತು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ನೂನಿಜ್ ಬರೆಯುತ್ತಾನೆ.

ಅವನೇ ಹೇಳುವ ಇನ್ನೊಂದು ಸಂಗತಿ ನನಗೆ ಮರೆಯಲಾಗದ್ದು. ಸಾಳುವ ನರಸಿಂಹ ಕುದುರೆಗಳನ್ನು ‘ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ’ ಎಂಬ ಕರಾರಿನಲ್ಲಿ, ಮೂರಕ್ಕೆ ಸಾವಿರ ಪರ್ದಾವ್‌ನಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ಇಂದಿನ ಭಾಷೆಯಲ್ಲಿ ಇದು ವಿಮೆ. ದೂರದ ಪ್ರಯಾಣದ ನಷ್ಟವನ್ನು ವ್ಯಾಪಾರಿಯ ತಲೆಗೆ ಕಟ್ಟದೆ ರಾಜ್ಯವೇ ಹೊತ್ತುಕೊಂಡಿತು. ಹೊರ್ಮುಜ್‌ನಲ್ಲಿ ಕುಳಿತ ವ್ಯಾಪಾರಿ ಯಾವ ಬಂದರಿಗೆ ಹಡಗು ಬಿಡಬೇಕೆಂದು ಯೋಚಿಸುವಾಗ ಈ ಬಾಲದ ಸುದ್ದಿ ಸುಂಕದ ರಿಯಾಯಿತಿಗಿಂತ ದೊಡ್ಡದಾಗಿ ಕೇಳಿಸಿರಬೇಕು.

ಕೃಷ್ಣದೇವರಾಯನೂ ‘ಆಮುಕ್ತಮಾಲ್ಯದ’ ಕಾವ್ಯದ ರಾಜನೀತಿಯ ಭಾಗದಲ್ಲಿ ಇದನ್ನೇ ಹೇಳುತ್ತಾನೆ. ರಾಜನಾದವನು ಬಂದರುಗಳನ್ನು ಸುಧಾರಿಸಬೇಕು, ಗಾಳಿ ಮಳೆಗೆ ಸಿಕ್ಕಿ ದಡ ಸೇರಿದ ಪರದೇಶಿಗಳನ್ನು ಅವರವರಿಗೆ ತಕ್ಕಂತೆ ನೋಡಿಕೊಳ್ಳಬೇಕು, ಕುದುರೆ ತರುವ ದೂರದ ವ್ಯಾಪಾರಿಗಳನ್ನು ಉಪಚರಿಸಿ ಒಳ್ಳೆಯ ಲಾಭ ಕೊಡಬೇಕು, ಇಲ್ಲವಾದರೆ ಆ ಕುದುರೆಗಳು ಶತ್ರುವಿನ ಪಾಲಾಗುತ್ತವೆ ಎಂಬುದು ಅವನ ಎಚ್ಚರಿಕೆ. ಔದಾರ್ಯದಷ್ಟೇ ಲೆಕ್ಕಾಚಾರವೂ ಇದರಲ್ಲಿದೆ.

ಸಮುದ್ರಕ್ಕೇ ಬಾಗಿಲು ಹಾಕಿದವರು

1498ರಲ್ಲಿ ವಾಸ್ಕೋ ಡ ಗಾಮ ಬಂದ. 1502ರಲ್ಲಿ ಎರಡನೆಯ ಸಲ ಬಂದವನು ಭಟ್ಕಳದ ಮೇಲೆ ದಾಳಿ ಮಾಡಿ ಅಕ್ಕಿಯ ಕಪ್ಪ ಹೇರಿದ. ಜೊತೆಗೆ ಷರತ್ತುಗಳು: ತುರ್ಕರ ಹಡಗು ಬರಕೂಡದು, ಮೆಣಸಿನ ವ್ಯಾಪಾರ ಕೂಡದು, ಕಲ್ಲಿಕೋಟೆಯ ಜೊತೆ ವ್ಯವಹಾರ ಕೂಡದು. ಅಲ್ಲಿಯವರೆಗೆ ದೊರೆಗಳು ತಮ್ಮ ದಡಕ್ಕೆ, ತಮ್ಮ ಊರ ಮುಂದಿನ ನೀರಿಗೆ ಯಜಮಾನರಾಗಿದ್ದರು. ಇಡೀ ಅರಬ್ಬೀ ಸಮುದ್ರವೇ ತನ್ನದೆಂದು ಯಾರೂ ಹೇಳಿರಲಿಲ್ಲ.

ಪೋರ್ಚುಗೀಸರ ಆಯುಧ ‘ಕರ್ತಾಜ್’ ಎಂಬ ಪರವಾನಗಿ ಚೀಟಿ. ಪ್ರತಿ ಹಡಗೂ ಇದನ್ನು ಕೊಳ್ಳಬೇಕು. ಯಾವ ಬಂದರಿಗೆ ಹೋಗುತ್ತದೆ, ಏನು ಹೊತ್ತಿದೆ ಎಂದು ಬರೆಸಬೇಕು. ಪೋರ್ಚುಗೀಸ್ ಕೋಟೆಯಿರುವ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿಯಿಲ್ಲದ ಹಡಗು ಸಿಕ್ಕರೆ ಸರಕು ಅವರದ್ದು. ಚೀಟಿಯ ಬೆಲೆ ಹೆಚ್ಚೇನಲ್ಲ. ಹೋದದ್ದು ಹಣಕ್ಕಿಂತ ದೊಡ್ಡದು, ಹಾಯಿ ತಿರುಗಿಸುವ ಸ್ವಾತಂತ್ರ್ಯ. ಹಡಗಿನವನೂ ಹೇರೆತ್ತಿನವನಂತೆ ಒಂದೇ ದಾರಿಯವನಾದ.

1510ರಲ್ಲಿ ಗೋವೆಯನ್ನು ಹಿಡಿದ ಆಲ್ಬುಕರ್ಕ್ ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದ. ಭಟ್ಕಳದ ಮೇಲೆ 1542ರಲ್ಲಿ ಮತ್ತೆ ದಾಳಿಯಾಗಿ ಊರು ಸುಟ್ಟಿತು. 1547ರ ಒಪ್ಪಂದದಲ್ಲಿ ವಿಜಯನಗರವೇ ಗೋವೆಯ ಕುದುರೆಗಳನ್ನು ಬಿಜಾಪುರಕ್ಕೆ ಬಿಡದೆ ತನಗೇ ಕೊಡಬೇಕೆಂದು ಷರತ್ತು ಹಾಕಿ ಪೋರ್ಚುಗೀಸರ ಏಕಸ್ವಾಮ್ಯವನ್ನು ಒಪ್ಪಿಕೊಂಡಿತು. ಹಿಂದೆ ಕೊಳ್ಳುವವನು ಆರಿಸುತ್ತಿದ್ದ, ಈಗ ಮಾರುವವನು ಆರಿಸತೊಡಗಿದ. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಸಾಮ್ರಾಜ್ಯ ಮುರಿದಾಗ ಗೋವೆಯ ಕುದುರೆ ಸುಂಕಕ್ಕೂ ಬಲವಾದ ಪೆಟ್ಟು ಬಿತ್ತು. ಕೊಳ್ಳುವವನೇ ಇಲ್ಲವಾದ ಮೇಲೆ ಏಕಸ್ವಾಮ್ಯದಿಂದ ಏನು ಪ್ರಯೋಜನ?

ಬಸರೂರಿನ ಸೆಟ್ಟಿಗಳು, ಕೆಳದಿಯ ಅರಸರು

ಆದರೂ ನಮ್ಮ ಕರಾವಳಿ ಸುಮ್ಮನೆ ತಲೆ ಬಾಗಿಸಲಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರದ ಬಲದಿಂದ ದಶಕಗಳ ಕಾಲ ಪೋರ್ಚುಗೀಸರೊಡನೆ ಸೆಣಸಿದಳು. ‘ಮೆಣಸಿನ ರಾಣಿ’ ಎಂಬ ಹೆಸರು ಅವರೇ ಕೊಟ್ಟದ್ದು. ಕುಂದಾಪುರದ ಹತ್ತಿರದ ಬಸರೂರು ಇನ್ನೊಂದು ಬಗೆಯ ಊರು. ಅಲ್ಲಿ ವ್ಯಾಪಾರದ ಯಜಮಾನಿಕೆ ಸೆಟ್ಟಿಕಾರರ ಮತ್ತು ಹಲರ ಕೈಯಲ್ಲಿತ್ತು. ಕರಾವಳಿಯ ಶಾಸನಗಳಲ್ಲಿ ಇಂಥ ಸಂಘಗಳ ಜೊತೆಗೆ ಮುಸ್ಲಿಂ ವ್ಯಾಪಾರಿಗಳ ‘ಹಂಜಮಾನ’ವೂ ಕಾಣುತ್ತದೆ. ಬೇರೆ ಬೇರೆ ನಂಬಿಕೆಯವರು ಒಂದೇ ಪೇಟೆಯ ಕಟ್ಟಳೆಗೆ ಒಳಪಟ್ಟು ವ್ಯವಹಾರ ನಡೆಸುತ್ತಿದ್ದರು. 1568–69ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿದರು. ಆದರೆ ಗೋವೆಗೂ ಹೊರ್ಮುಜ್‌ಗೂ ಮಸ್ಕತ್‌ಗೂ ಊಟಕ್ಕೆ ಕನ್ನಡ ಕರಾವಳಿಯ ಅಕ್ಕಿ ಬೇಕು. ಕೋಟೆ ಅವರದ್ದು, ಅಕ್ಕಿ ನಮ್ಮದು. ಹೀಗಾಗಿ ಯಾರ ಕೈಯೂ ಪೂರ್ತಿ ಮೇಲಾಗಲಿಲ್ಲ.

ಕೊನೆಗೆ ಕೆಳದಿಯ ಶಿವಪ್ಪನಾಯಕ 1652–54ರ ನಡುವೆ ಈ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅವನ ಹೆಸರು ಕೋಟೆಗಳಿಗಿಂತ ಹೆಚ್ಚಾಗಿ ‘ಶಿವಪ್ಪನಾಯಕನ ಸಿಸ್ತು’ ಎಂಬ ಕಂದಾಯದ ವ್ಯವಸ್ಥೆಯಿಂದ ಉಳಿದಿದೆ. ನೆಲದ ಗುಣ ನೋಡಿ, ಇಳುವರಿ ಅಳೆದು, ಕೊಡಬೇಕಾದದ್ದನ್ನು ಮೊದಲೇ ಗೊತ್ತುಮಾಡುವ ಪದ್ಧತಿ ಅದು. ಕಲ್ಲಿಕೋಟೆಯಲ್ಲಿ ಹಡಗಿನವನಿಗೆ ಸಿಕ್ಕ ನಿಶ್ಚಿಂತೆಯನ್ನು ಗದ್ದೆಯವನಿಗೂ ಸ್ವಲ್ಪ ಕೊಟ್ಟಂತೆ. ಬಂದರಿನ ಕಥೆಯಲ್ಲಿ ಗದ್ದೆಯವನನ್ನು ಮರೆಯಬಾರದು. ಹಡಗಿಗೆ ತುಂಬಿದ ಅಕ್ಕಿ ಅವನ ಬೆವರು. ಹಾಗೆಂದು ಕೆಳದಿಯ ಅರಸರು ವ್ಯಾಪಾರಕ್ಕೆ ಕೈ ಹಾಕದ ಸಾಧುಗಳೇನಲ್ಲ. ಮೆಣಸಿನ ಬೆಲೆಯನ್ನು ತಾವೇ ಚೌಕಾಸಿ ಮಾಡುತ್ತಿದ್ದರು. ಸಂಪತ್ತಿದ್ದ ಕಡೆ ಕಣ್ಣು ಬೀಳದೆ ಇರುವುದಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಕೊಳ್ಳೆ ಹೊಡೆದವು.

ಹೊರಗಿನ ಜಗತ್ತಿನಲ್ಲಿ

ಇದೇ ಕಾಲಕ್ಕೆ ಇಟಲಿಯಲ್ಲಿ ಲಿವೋರ್ನೋ ಎಂಬ ಊರು ಎದ್ದಿತು. ಟಸ್ಕನಿಯ ದೊರೆ ಮೊದಲನೆಯ ಫರ್ಡಿನಾಂಡೋ 1591 ಮತ್ತು 1593ರಲ್ಲಿ ಹೊರಡಿಸಿದ ಸನದುಗಳು ಎಲ್ಲ ದೇಶಗಳ ವ್ಯಾಪಾರಿಗಳನ್ನು, ಮುಖ್ಯವಾಗಿ ಬೇರೆಡೆ ಕಿರುಕುಳಕ್ಕೆ ಒಳಗಾಗಿದ್ದ ಯಹೂದಿಗಳನ್ನು, ಕರೆದು ಧರ್ಮದ ಕಾರಣಕ್ಕೆ ಪೀಡಿಸುವುದಿಲ್ಲವೆಂದು ಮಾತು ಕೊಟ್ಟವು. ಸರಕಿನ ಮೇಲಿನ ಸುಂಕ ತೆಗೆದದ್ದು 1676ರಲ್ಲಿ. ಅಂದರೆ ಅಭಯ ಮೊದಲು, ಸುಂಕದ ರಿಯಾಯಿತಿ 80 ವರ್ಷಗಳ ನಂತರ! ಯುರೋಪಿನ ಮುಕ್ತ ಬಂದರುಗಳ ಚರಿತ್ರೆ ಲಿವೋರ್ನೋದ ಹೆಸರಿನಿಂದ ಶುರುವಾಗುವುದುಂಟು. ಮೋಟುಪಲ್ಲಿ, ಕಲ್ಲಿಕೋಟೆಗಳ ಹೆಸರೂ ಅದರ ಪಕ್ಕದಲ್ಲಿ ಇರಬೇಕಾದದ್ದು ನ್ಯಾಯ. ಮುಂದೆ 1819ರಲ್ಲಿ ಬ್ರಿಟಿಷರು ಸಿಂಗಾಪುರವನ್ನು ಸುಂಕವಿಲ್ಲದ ಬಂದರಾಗಿ ಬೆಳೆಸಿದರು. ಸ್ವತಂತ್ರ ಭಾರತದಲ್ಲಿ 1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ರಫ್ತು ಸಂಸ್ಕರಣಾ ವಲಯ ಶುರುವಾಯಿತು. ಏಷ್ಯಾದಲ್ಲೇ ಅದು ಮೊದಲನೆಯದು.

ಸಮುದ್ರವಿಲ್ಲದ ಬಂದರು

ಈಗ ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಸಮುದ್ರವಿಲ್ಲ. ಆದರೂ 1991ರಲ್ಲಿ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ, ಅಂದರೆ ಎಸ್‌ಟಿಪಿಐ, ಬಂದಾಗ ಬೆಂಗಳೂರು ಒಂದು ಬಗೆಯ ಬಂದರಾಯಿತು. ಈ ಯೋಜನೆಗೆ ಸೇರಿದ ಕಂಪನಿ ವಿದೇಶದಿಂದ ಕಂಪ್ಯೂಟರನ್ನು ಸುಂಕವಿಲ್ಲದೆ ತರಿಸಬಹುದಿತ್ತು. ಅದಕ್ಕೆ ಬದಲಾಗಿ ಅದರ ಕಚೇರಿ ಕಸ್ಟಮ್ಸ್ ಕಾನೂನಿನ ಪ್ರಕಾರ ‘ಬಾಂಡೆಡ್’ ಉಗ್ರಾಣ ಎನ್ನಿಸಿಕೊಳ್ಳುತ್ತಿತ್ತು. ನಾನು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಕಾಲದಲ್ಲೂ ಈ ನಿಯಮವಿತ್ತು. ನಾವು ಕುಳಿತ ಮೇಜು, ಕಾನೂನಿನ ಕಣ್ಣಿಗೆ, ಹಡಗಿನಿಂದ ಇಳಿಸಿ ಇನ್ನೂ ಸುಂಕ ಕಟ್ಟದ ಸರಕಿನ ಗೋದಾಮಿನಲ್ಲಿತ್ತು. ಲೆಕ್ಕದಲ್ಲಿ ಬರೆಯದೆ ಒಂದು ಯಂತ್ರವೂ ಬಾಗಿಲು ದಾಟುವಂತಿರಲಿಲ್ಲ. 2016ರಲ್ಲಿ ಈ ಉಗ್ರಾಣದ ನಿಯಮ ಹೋಯಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಇದ್ದ ಆದಾಯ ತೆರಿಗೆಯ ರಿಯಾಯಿತಿ 2011ರ ಮಾರ್ಚಿಗೇ ಮುಗಿದಿತ್ತು. 2005ರ ಕಾಯ್ದೆಯಂತೆ ವಿಶೇಷ ಆರ್ಥಿಕ ವಲಯಗಳೂ ಬಂದವು.

ಒಳನಾಡಿನ ಸುಂಕದಕಟ್ಟೆಗಳೂ ಕರಗಿದವು. ಊರೊಳಗೆ ಬರುವ ಸರಕಿಗೆ ಹಾಕುತ್ತಿದ್ದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಇಲ್ಲವಾದವು. ಆದರೆ ತೆರಿಗೆ ಹೋಗಲಿಲ್ಲ. ಕಟ್ಟೆಯಿಂದ ಎದ್ದು ಅಂಗಡಿಯ ಬಿಲ್ಲಿನೊಳಗೆ ಕುಳಿತಿದೆ. ಸುಂಕದಕಟ್ಟೆಯಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವರೂ ಅದನ್ನು ಕೊಡುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಬಂದರನ್ನು ಮುಕ್ತ ಮಾಡಿದರೆ ಖರ್ಚು ಯಾರದ್ದು? ಭಟ್ಕಳದಲ್ಲಿ ಸತ್ತ ಕುದುರೆಯ ಬಾಲಕ್ಕೆ ಕೊಟ್ಟ ಹಣ ಆಕಾಶದಿಂದ ಬಿದ್ದದ್ದಲ್ಲ. ನಾಗಲಾಪುರದ ಬಾಗಿಲಲ್ಲಿ ಹೇರೆತ್ತಿನವನು ಕೊಟ್ಟದ್ದೂ ಅದೇ ಬೊಕ್ಕಸಕ್ಕೆ ಸೇರುತ್ತಿತ್ತು. ನನ್ನಂಥವರು ಕುಳಿತ ಕಚೇರಿಗೆ ಸಿಕ್ಕ ರಿಯಾಯಿತಿಯ ಹಿಂದೆಯೂ ರಿಯಾಯಿತಿ ಇಲ್ಲದೆ ತೆರಿಗೆ ಕೊಟ್ಟ ಕೋಟ್ಯಂತರ ಜನರಿದ್ದಾರೆ. ರಿಯಾಯಿತಿ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಇಲ್ಲದಿದ್ದರೆ ಈ ನಗರಕ್ಕೆ ಇಷ್ಟು ಕೆಲಸ ಬರುತ್ತಿತ್ತೇ ಎಂಬುದು ಅನುಮಾನ. ಆದರೆ ಅದು ಸಾಲದಂತೆ. ಬಂದರಿನೊಳಗೆ ಬೆಳೆದದ್ದು ಬಂದರಿನ ಹೊರಗಿನವರಿಗೂ ಮುಟ್ಟಿದಾಗಲೇ ಅದು ತೀರುತ್ತದೆ.

ಮುಟ್ಟಿದೆಯೇ ಎಂದು ಅಳೆಯಲು ಹಳೆಯ ಪ್ರವಾಸಿಗಳೇ ಒಂದು ಅಳತೆಗೋಲು ಬಿಟ್ಟುಹೋಗಿದ್ದಾರೆ. ಇಬ್ನ್ ಬತೂತಾ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡು ಬೆರಗಾದ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ, ಮೆಣಸಿನ ವ್ಯವಹಾರ ಮಾತಾಡಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಇಕ್ಕೇರಿಗೆ ಹೋಗುವಾಗ, ದಾರಿಯ ದೇವಸ್ಥಾನವೊಂದರ ಜಗುಲಿಯಲ್ಲಿ ನಾಲ್ವರು ಹುಡುಗರನ್ನು ಕಂಡ. ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತಾ, ಬೆರಳಿನಿಂದ ಲೆಕ್ಕ ಬರೆದು ಕಲಿಯುತ್ತಿದ್ದರು. ಮೇಷ್ಟರಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವಲ್ಲ ಎಂಬಂಥ ಉತ್ತರ ಬಂತು. ನನ್ನ ಕೆಲಸದಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ತಿದ್ದುವ ಕ್ರಮವಿದೆ. ಅದರ ಸಮರ್ಥನೆಯೂ ಇದೇ. ರಾಯಭಾರಿ ಚೌಕಾಸಿ ಮಾಡಲು ಹೋದ ಮೆಣಸು ಎಂದೋ ತೀರಿತು. ಆ ಹುಡುಗರು ಮಾತ್ರ ಪುಸ್ತಕದಲ್ಲಿ ಇನ್ನೂ ಲೆಕ್ಕ ಮಾಡುತ್ತಿದ್ದಾರೆ.

ನಮ್ಮ ಸರ್ಕಾರಿ ಶಾಲೆಯ ಐವತ್ತು ವರ್ಷ ನಡೆದಿರುವುದು ಸುಂಕದ ಹಣದಿಂದ: ಶಿಕ್ಷಕರ ಸಂಬಳ, ಪಠ್ಯಪುಸ್ತಕ, ಬಿಸಿಯೂಟ, ಬೋರ್ಡಿನ ಮೇಲಿನ ಸೀಮೆಸುಣ್ಣ ಎಲ್ಲವೂ. ಇಲ್ಲಿ ಓದಿ ಇಂದು ನಗರದ ಹೊಸ ಬಂದರುಗಳಲ್ಲಿ ದುಡಿಯುವ ನಾವು, ಹಳೆಯ ವಿದ್ಯಾರ್ಥಿಗಳು, ಈ ಲೆಕ್ಕವನ್ನು ತಿಳಿದಿರಬೇಕು. ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಒಂದು ಕಂಪ್ಯೂಟರ್ ಕೊಡಿಸುವುದು ಒಳ್ಳೆಯದೇ, ಮಾಡೋಣ. ಅದರ ಜೊತೆಗೆ ತಿಂಗಳಿಗೆ ಒಂದು ಶನಿವಾರ ಬಂದು ಹತ್ತನೆಯ ತರಗತಿಯ ನಾಲ್ಕು ಮಕ್ಕಳ ಜೊತೆ ಕುಳಿತು ಲೆಕ್ಕ ಮಾಡಿದರೆ ಇನ್ನೂ ಒಳ್ಳೆಯದು. ಸುವರ್ಣ ಮಹೋತ್ಸವದ ಈ ವರ್ಷದಿಂದಲೇ ಅದನ್ನು ಶುರು ಮಾಡಬಹುದು. ಗೇಟಿನಲ್ಲಿ ಯಾರೂ ತಡೆಯುವುದಿಲ್ಲ.